ನಲವತ್ತು ಹೆಜ್ಜೆಯೊಳಗಿನ ಒಗ್ಗರಣೆ

ಆ ಊರಿಗೆ ಹೋದ ಮೂರನೆಯ ದಿನ ನಮ್ಮ ಬಾಡಿಗೆ ಕೋಣೆಯ ಒಡತಿ ಬಂದು, ಕಿಟಕಿಯ ಪಕ್ಕದಲ್ಲಿರುವ ಕಿತ್ತಳೆಹಣ್ಣಿನ ವಾಸನೆ ಹನ್ನೊಂದು ವರ್ಷ ಹಳೆಯದು, ಅದರ ಹತ್ತಿರ ಏನನ್ನೂ ಬೇಯಿಸಬೇಡಿ ಎಂದು ಕೇಳಿಕೊಂಡಳು. ನಮಗಿಂತ ಮೊದಲು ಅಲ್ಲಿದ್ದ ಮುದುಕ ದಿನಾ ಮಧ್ಯಾಹ್ನ ಆ ಕಿಟಕಿಯಲ್ಲಿ ನಿಂತು ಹಣ್ಣು ಸುಲಿಯುತ್ತಿದ್ದನಂತೆ. ನನ್ನ ನಾದಿನಿ ದಾಕ್ಷಾಯಿಣಿ ಹೋಗಿ ಮೂಗು ಚಾಚಿ ನೋಡಿದಳು. "ಹೌದ ವೈನಿ, ಈಗರ ಸುಲದಾಂಗ ಐತಿ" ಎಂದಳು. ನಾನು ನಕ್ಕೆ. ಒಡತಿ ನಗಲಿಲ್ಲ.

ವಾರದೊಳಗೆ ನಾವೂ ನಗುವುದನ್ನು ಬಿಟ್ಟೆವು. ಮೆಟ್ಟಿಲಿನ ತಿರುವಿನಲ್ಲಿ ಯಾರದೋ ತಲೆಗೆಣ್ಣೆ, ಅಂಚೆ ಕಚೇರಿಯ ಬಾಗಿಲೊಳಗೆ ಒದ್ದೆಯಾದ ನಾಯಿ, ಔಷಧಿ ಅಂಗಡಿಯ ಬೆಂಚಿನ ಮೇಲೆ ಯಾವುದೋ ಮದುವೆಯ ಹೂವು. ಆ ಊರಿನ ಜನ ಇವುಗಳನ್ನು, ನಾವು ಅಂಗಳದ ರಂಗೋಲಿಯನ್ನು ತುಳಿಯದೆ ದಾಟುವ ಹಾಗೆ, ಸ್ವಲ್ಪ ಸರಿದು ದಾಟುತ್ತಿದ್ದರು. ಗೋಡೆ, ಮಾಡು ಇದ್ದ ಕಡೆ ಹುಟ್ಟಿದ ವಾಸನೆ ಅಲ್ಲಿಯೇ ಉಳಿಯುತ್ತಿತ್ತು. ಅದಕ್ಕಿಂತ ಜೋರಾದದ್ದು ಬಂದು ಮೇಲೆ ಕೂತರೆ ಮಾತ್ರ ಹಳೆಯದು ಹೋಗುತ್ತಿತ್ತು. ಹೋದದ್ದು ಮತ್ತೆ ಬರುತ್ತಿರಲಿಲ್ಲ.

ನಮ್ಮ ಬಗ್ಗೆ ಹೇಳಿಬಿಡುತ್ತೇನೆ. ನನ್ನ ಹೆಸರು ಮಹಾನಂದಾ. ನನ್ನ ಗಂಡ ಗುರುಪಾದ ನಮ್ಮೂರಿನ ಕಾಲೇಜಿನ ಎದುರು ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದರು. ಅವರ ತಂಗಿ ದಾಕ್ಷಾಯಿಣಿ, ಗಂಡನ ಹೊಡೆತ ತಾಳಲಾರದೆ ಒಂದು ಸಂಜೆ ಉಟ್ಟ ಸೀರೆಯಲ್ಲಿ ನಮ್ಮ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಆರು ವರ್ಷದ ಹಿಂದೆ ಗುರುಪಾದ ತರಕಾರಿ ತರಲು ಹೋದವರು ಬಸ್‌ಸ್ಟ್ಯಾಂಡಿನಲ್ಲಿಯೇ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಆಮೇಲೆ ನಾನು ಒಂದು ಕಡೆ ನಿಲ್ಲುವವಳೇ ಅಲ್ಲ ಎಂಬಂತಾದೆ. ಒಂದು ಊರಿನ ರೈಲ್ವೆ ಕ್ಯಾಂಟೀನು, ಇನ್ನೊಂದು ಊರಿನ ಹಾಸ್ಟೆಲ್ಲು, ಮತ್ತೊಂದು ಕಡೆ ಬಂದರಿನ ಕೂಲಿಗಳಿಗೆ ರೊಟ್ಟಿ. ಎಲ್ಲ ಸರಿಹೋಗುತ್ತಿದೆ ಎನ್ನುವಾಗ, ಹಾಲಿನವನು ನನ್ನನ್ನು ಹೆಸರು ಹಿಡಿದು ಕರೆಯಲು ಶುರು ಮಾಡಿದಾಗ, ನನಗೆ ಅಂಗಾಲು ಉರಿಯುತ್ತಿತ್ತು. ಟ್ರಂಕು ಕೆಳಗಿಳಿಸುತ್ತಿದ್ದೆ. ದಾಕ್ಷಿ ಏನೂ ಕೇಳದೆ ತನ್ನ ಬಟ್ಟೆ ಮಡಚುತ್ತಿದ್ದಳು. ಇದು ನಾಲ್ಕನೆಯ ಊರು.

ಈ ಊರಿನಲ್ಲಿ ಪಾರ್ಸೆಲ್ ಅಂಗಡಿ ಹಾಕಬೇಕೆಂದು ಹೊಳೆದದ್ದು ದಾಕ್ಷಿಗೆ. ಇಲ್ಲಿ ಕೂತು ತಿನ್ನುವ ಹೋಟೆಲ್ಲು ಒಂದೂ ಇರಲಿಲ್ಲ. ಜನ ತಿಂಡಿಯನ್ನು ಬಿಗಿಯಾಗಿ ಕಟ್ಟಿಸಿಕೊಂಡು ಮನೆಗೆ ಒಯ್ದು ತಮ್ಮ ಮನೆಯ ವಾಸನೆಯಲ್ಲಿ ಕೂತು ತಿನ್ನುತ್ತಿದ್ದರು. ಆದರೆ ಊರಿಡೀ ಸಿಗುತ್ತಿದ್ದದ್ದು ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ಮತ್ತು ಉಪ್ಪಿನಲ್ಲಿ ಹಾಕಿದ ತಣ್ಣನೆಯ ಮೀನು. "ಇಂಥಾ ಊರಾಗ ಒಂದ ಪ್ಲೇಟ್ ಚುರಮುರಿ ಗಿರ್ಮಿಟ್ ಕೊಟ್ರ ಮಂದಿ ಕಾಲಿಗೆ ಬೀಳ್ತಾರ" ಎಂದಳು ಅವಳು.

ಅಂಗಡಿಗೆ, ಊರಿನ ವಾಸನೆಗಳ ಲೆಕ್ಕ ಇಡುವ ಗಾಳಿ ಕಚೇರಿಯ ಅನುಮತಿ ಬೇಕಿತ್ತು. ಅಲ್ಲಿನ ಅಧಿಕಾರಿ ಪೇರೋ ಎಂಬಾತ ಕೆಲಸವಿಲ್ಲದಾಗ ಮೂಗಿನ ಮೇಲೆ ಬಿಳಿ ವಸ್ತ್ರ ಕಟ್ಟಿಕೊಂಡಿರುತ್ತಿದ್ದ. ಅರ್ಜಿಯಲ್ಲಿ ಒಂದೊಂದು ತಿಂಡಿಯ ಹೆಸರು, ಅದರಿಂದ ಹುಟ್ಟುವ ವಾಸನೆ, ಅದು ಎಷ್ಟು ಹೆಜ್ಜೆ ಹೋಗುತ್ತದೆ ಎಂಬುದನ್ನು ತುಂಬಬೇಕಿತ್ತು. ಅಂಗಡಿಯಿಂದ ನಲವತ್ತು ಹೆಜ್ಜೆಯೊಳಗೆ ವಾಸಿಸುವ ಎಲ್ಲರ ಸಹಿ ಬೇಕಿತ್ತು. ಹೊರಗಿನಿಂದ ಬಂದವರಿಗೆ ಇದಕ್ಕೆಲ್ಲ ನಲವತ್ತು ದಿನದ ಗಡುವು. ಅಷ್ಟರಲ್ಲಿ ಆಗದಿದ್ದರೆ ಬೇರೆ ಊರು ನೋಡಿಕೊಳ್ಳಬೇಕು. "ಒಗ್ಗರಣೆ ಅಂತ ಬರೆದಿದ್ದೀರಿ. ಅದು ಪದಾರ್ಥವೋ, ಕೆಲಸವೋ?" ಎಂದು ಪೇರೋ ಕೇಳಿದ. ದಾಕ್ಷಿ ಚೀಲದಿಂದ ಇಂಗಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು. ಪೇರೋ ವಸ್ತ್ರ ಸರಿಸಿ ಒಮ್ಮೆ ಮೂಸಿ, ತಟ್ಟನೆ ಮುಚ್ಚಿದ. ತಡವಾಗಿತ್ತು. "ಇನ್ನು ಈ ಮೇಜು ಹೀಗೇ" ಎಂದು ಒಂದು ದಪ್ಪ ಪುಸ್ತಕ ತೆಗೆದು ಅದನ್ನು ಬರೆದುಕೊಂಡ. ಬೈಯಲಿಲ್ಲ. ಅದೇ ನಮಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೊದಲು ನೋಡಿದ್ದು ಮೀನು ಹರಾಜಿನ ಶೆಡ್ಡಿನ ಪಕ್ಕದ ಮಳಿಗೆ. ಅಲ್ಲಿ ಯಾರ ಸಹಿಯೂ ಬೇಕಿರಲಿಲ್ಲ, ಯಾಕೆಂದರೆ ಆ ವಾಸನೆಯನ್ನು ಮೀರಿಸುವುದು ಯಾವುದೂ ಇರಲಿಲ್ಲ. "ಇಲ್ಲೆ ಹುಗ್ಗಿ ಮಾಡಿದ್ರೂ ಮೀನ, ಹೋಳಿಗಿ ಮಾಡಿದ್ರೂ ಮೀನ" ಎಂದು ದಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಎರಡನೆಯದು ಬ್ರೆಡ್ಡಿನ ಬೀದಿ. ಅಲ್ಲಿ ಮೂವತ್ತೊಂದು ಮನೆ. ಒಬ್ಬರೂ ಸಹಿ ಮಾಡಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಹೆಂಗಸು ನಮ್ಮಿಬ್ಬರಿಗೂ ಬಿಸಿ ಬನ್ನು ಕೊಟ್ಟು, "ನಮ್ಮ ಮಕ್ಕಳು ಶಾಲೆಯಿಂದ ಈ ವಾಸನೆ ಹಿಡಿದುಕೊಂಡೇ ಮನೆಗೆ ಬರ್ತಾರಮ್ಮ, ಕಣ್ಣು ಮುಚ್ಚಿದರೂ ದಾರಿ ತಪ್ಪೋದಿಲ್ಲ" ಎಂದಳು. ದಿನಗಳು ಹೋಗುತ್ತಿದ್ದವು. ನಾನು ಬೆಳಿಗ್ಗೆ ಎದ್ದವಳೇ ಚಪ್ಪಲಿ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದೆ. ಜಾಗ ಹುಡುಕುತ್ತಿದ್ದೇನೆ ಎಂದು ದಾಕ್ಷಿಗೆ ಹೇಳುತ್ತಿದ್ದೆ. ನಿಜವಾಗಿ ಬಸ್ಸುಗಳ ಹೊತ್ತು ನೋಡಿಕೊಳ್ಳುತ್ತಿದ್ದೆ.

ಹನ್ನೊಂದು ದಿನ ಉಳಿದಿದ್ದಾಗ ತೆವಾನ್ ತಾನಾಗಿಯೇ ನಮ್ಮ ಕೋಣೆಗೆ ಬಂದ. ಐವತ್ತು ದಾಟಿದ ಗಂಡಸು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಸೆಖೆಯಲ್ಲೂ ಎಡಗೈಗೆ ಬೂದುಬಣ್ಣದ ಕೈಗವಸು ಹಾಕಿದ್ದ. ತನ್ನ ಮನೆಗೆ ಅಂಟಿಕೊಂಡ ಅಂಗಡಿಯೊಂದು ಹತ್ತೊಂಬತ್ತು ವರ್ಷದಿಂದ ಮುಚ್ಚಿದೆ, ಮೊದಲು ಅದು ತನ್ನ ತಾಯಿಯ ಇಸ್ತ್ರಿ ಅಂಗಡಿಯಾಗಿತ್ತು ಎಂದ. ನೋಡಲು ಹೋದರೆ, ನಾವು ಕನಸಿನಲ್ಲಿಯೂ ಕೇಳದ ಜಾಗ. ಎರಡು ಬೀದಿ ಕೂಡುವ ಮೂಲೆ, ಎದುರಿಗೇ ಬಸ್ಸು ನಿಲ್ಲುವ ತಾಣ, ಹಿಂದೆ ಇನ್ನೂರು ಹೆಂಗಸರು ಕೆಲಸ ಮಾಡುವ ಹೊಲಿಗೆ ಕಾರ್ಖಾನೆ. ನಲವತ್ತು ಹೆಜ್ಜೆಯೊಳಗಿನ ಸಹಿಗಳನ್ನೆಲ್ಲ ಅವನೇ ಮಾಡಿಸಿಟ್ಟಿದ್ದ. ಕೀಲಿಕೈ ನನ್ನ ಕೈಗೆ ಕೊಟ್ಟು, ತಾನು ರಸ್ತೆಯ ಆ ಕಡೆ ನಿಂತುಕೊಂಡ. ಒಳಗೆ ಬರಲಿಲ್ಲ.

ಒಳಗೆ ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಈಗ ತಾನೇ ಹಾದ ಹಾಗಿತ್ತು. ಅದರಡಿಯಲ್ಲಿ ಇದ್ದಿಲು, ಅಗ್ಗದ ಗುಲಾಬಿ ಸೋಪು, ಒಂದಿಷ್ಟು ಸುಟ್ಟ ನೂಲು. ಯಾರೋ ಹೆಂಗಸು ನೀರು ತರಲು ಹಿತ್ತಿಲಿಗೆ ಹೋಗಿದ್ದಾಳೆ, ಈಗ ಬರುತ್ತಾಳೆ ಅನ್ನಿಸಿತು. ನಾನು ಹೊರಗೆ ಬಂದು, ಚೆನ್ನಾಗಿದೆ ಎಂದೆ. ತೆವಾನ್ ನನ್ನ ಮುಖ ನೋಡದೆ, "ನಿಮ್ಮ ಅಡಿಗೇಲಿ ಎಲ್ಲಕ್ಕಿಂತ ಘಾಟು ಇರೋದು ಯಾವುದು?" ಎಂದು ಕೇಳಿದ. "ಮೆಣಸಿನಕಾಯಿ ಒಗ್ಗರಣೆ" ಎಂದಳು ದಾಕ್ಷಿ. "ಅದು ಇರಲಿ. ದಿನಾ ಇರಲಿ. ಬೆಳಿಗ್ಗೆ ಮೊದಲು ಅದನ್ನೇ ಮಾಡಿ. ಬಾಡಿಗೆ ನೀವು ಹೇಳಿದಷ್ಟು."

ಆ ದಿನ ಮಧ್ಯಾಹ್ನ ದಾಕ್ಷಿ ಕಾಗದ ಹಿಡಿದು ತಿಂಡಿಗಳ ಪಟ್ಟಿ ಬರೆಯಲು ಕೂತಳು. ಮಿರ್ಚಿ ಭಜಿ, ಗಿರ್ಮಿಟ್, ಉಪ್ಪಿಟ್ಟು, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಾರ್ಖಾನೆಯ ಹೆಂಗಸರು ಸಂಜೆ ಐದಕ್ಕೆ ಬಿಡುತ್ತಾರೆ, ಆಗ ಮಿರ್ಚಿ ಬಿಸಿಬಿಸಿ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ನಾನು, ಮಿರ್ಚಿ ಬೇಡ, ಮೊಸರವಲಕ್ಕಿ, ಕೋಸಂಬರಿ, ಶೇಂಗಾ ಉಂಡಿ, ಇಂಥ ತಣ್ಣನೆಯದನ್ನೇ ಇಟ್ಟರೆ ಜನ ಹೆದರದೆ ಮನೆಗೆ ಒಯ್ಯುತ್ತಾರೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಖರೇ ಹೇಳು ವೈನಿ. ನಿನಗ ಮಂದಿ ಹೆದರ್ತಾರಂತ ಚಿಂತೀನೋ, ಒಲಿ ಹಚ್ಚಾಕ ನಿನಗ ಹೆದರಿಕಿನೋ?" ಅಲ್ಲಿ ಒಮ್ಮೆ ಒಗ್ಗರಣೆ ಹಾಕಿದರೆ ಅದು ಆ ಗೋಡೆಗಳಲ್ಲಿ ನಿಲ್ಲುತ್ತದೆ. ನಾವು ಹೋದರೂ ನಿಲ್ಲುತ್ತದೆ. ಹಿಂದಿನ ಮೂರು ಊರುಗಳಲ್ಲಿ ನಾವು ಎದ್ದು ಬಂದ ಮೇಲೆ ಒಂದು ಗುರುತೂ ಇರಲಿಲ್ಲ. ನನಗೆ ಅದೇ ರೂಢಿಯಾಗಿತ್ತು.

ಗುರುವಾರ ಒಲೆಯ ಅಳತೆ ತೆಗೆದುಕೊಳ್ಳಲು ನಾನೊಬ್ಬಳೇ ಅಂಗಡಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹೆಂಗಸು ಕೂತಿದ್ದಳು. ನೀಲಿ ಕೋಟು, ತೊಡೆಯ ಮೇಲೆ ಕೈಚೀಲ, ವೈದ್ಯರ ಬಳಿ ಸರದಿಗೆ ಕಾಯುವವರ ಹಾಗೆ. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ತಾನು ತೆವಾನ್‌ನ ತಂಗಿ ಒರ್ಲಾ, ಸೇತುವೆಯ ಆಚೆ ಇರುತ್ತೇನೆ, ಪ್ರತಿ ಗುರುವಾರ ಬಂದು ಒಂದು ಗಂಟೆ ಇಲ್ಲಿ ಕೂತು ಹೋಗುತ್ತೇನೆ ಎಂದಳು. ತಾಯಿ ಮಿರೆನ್ ತೀರಿಕೊಂಡಂದಿನಿಂದ ಒಂದು ವಾರವೂ ತಪ್ಪಿಸಿಲ್ಲವಂತೆ. "ನೀವು?" ಎಂದಳು. ನನ್ನ ಕೈಯಲ್ಲಿದ್ದ ಅಳತೆಯ ಪಟ್ಟಿಯನ್ನು ನೋಡಿ ಅವಳಿಗೆ ಅರ್ಧ ತಿಳಿಯಿತು. ಉಳಿದರ್ಧ ನಾನು ಹೇಳಿದೆ.

ಅವಳು ಕೂಗಾಡಲಿಲ್ಲ. "ಅಣ್ಣ ನನಗೆ ಹೇಳಲಿಲ್ಲ" ಎಂದಳಷ್ಟೆ. ಅವಳ ಮನೆ ನಲವತ್ತು ಹೆಜ್ಜೆಯಾಚೆ. ಅವಳ ಸಹಿ ಯಾರಿಗೂ ಬೇಕಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಎದ್ದು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಬಳಿ ನಿಂತು, "ಅಂಗಡಿ ಇಡಿ. ಒಲೆ ಹಚ್ಚಬೇಡಿ. ಅಷ್ಟೇ ಕೇಳ್ಕೊಳ್ಳೋದು" ಎಂದು ಹೊರಟುಹೋದಳು.

ನಾನು ಆ ಸ್ಟೂಲಿನ ಮೇಲೆ ಕೂತೆ. ಯಾರೋ ಕಾಣದ ಮುದುಕಿಯ ಗಂಜಿ, ಸೋಪು ನನ್ನ ಸುತ್ತ ಇತ್ತು. ಗುರುಪಾದರ ವಾಸನೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅವರ ಕೆಮ್ಮು ನೆನಪಾಯಿತು, ಚಪ್ಪಲಿಯ ಸವೆದ ಹಿಮ್ಮಡಿ ನೆನಪಾಯಿತು, ನನ್ನನ್ನು ಕರೆಯುವಾಗ ಹೆಸರಿನ ಕೊನೆಯಕ್ಷರವನ್ನು ನುಂಗುತ್ತಿದ್ದದ್ದು ನೆನಪಾಯಿತು. ವಾಸನೆ ಬರಲಿಲ್ಲ. ಇಂಥದೊಂದು ಕೋಣೆ ನನಗೆ ಸಿಕ್ಕಿದ್ದರೆ ನಾನು ಗುರುವಾರಕ್ಕೊಮ್ಮೆ ಅಲ್ಲ, ದಿನಾ ಬಂದು ಕೂರುತ್ತಿದ್ದೆ. ಇದನ್ನು ನನ್ನ ಕೈಯಾರೆ ಅಳಿಸುವುದು ಸಾಧ್ಯವಿಲ್ಲ ಅನ್ನಿಸಿತು.

ಕೋಣೆಗೆ ಹೋಗಿ ದಾಕ್ಷಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಕೇಳಿದಳು. "ನಾವು ಒಂದ ತಳ್ಳು ಗಾಡಿ ಮಾಡೂಣು ದಾಕ್ಷಿ. ಬಯಲಾಗ ನಿಂತ್ರ ಯಾರ ವಾಸನಿಗೂ ಅಡ್ಡಿಲ್ಲ" ಎಂದೆ. ಅವಳ ಕೈ ನಿಂತಿತು. "ಗಾಡಿ" ಎಂದಳು. "ಗಾಲಿ ಇದ್ರ ನಿನಗ ಛಲೋ ಆಕ್ಕೈತಿ. ಯಾವಾಗ ಬೇಕಾದಾಗ ಹೊಂಟ ಬಿಡಬಹುದು." ನಾನು, ಆ ಹೆಣ್ಣುಮಗಳಿಗೆ ತಾಯಿ ಅಂತ ಉಳಿದಿರುವುದು ಅಷ್ಟೇ ಎಂದೆ. "ಅಣ್ಣಗ? ಆ ಮನಿಶಾ ಹತ್ತೊಂಬತ್ತು ವರ್ಷ ಬಾಗಲಾ ದಾಟಿಲ್ಲ. ನೀ ನೋಡಿಲ್ಲೇನು? ಅಂವಾ ಅಂಗಡಿ ಕಡೆ ನೋಡೂ ಪರಿ ನನಗ ಗೊತ್ತೈತಿ. ನಾನೂ ಒಂದ ಮನಿ ಬಾಗಲಾ ಹಂಗ ನೋಡೇನಿ. ಅವ್ವ ಅಂದ್ರ ಎಲ್ಲಾರಿಗೂ ಒಂದ ಥರಾ ಅವ್ವ ಇರ್ತಾಳೇನು?" ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು. "ನಾಕ ಊರ ನಿನ್ನ ಹಿಂದ ಬಂದೇನಿ. ಒಂದ ಮಾತ ಕೇಳಿಲ್ಲ. ಈ ಸಲ ನೀ ಟ್ರಂಕ ಇಳಿಸಿದ್ರ ನಾ ಬರೂದಿಲ್ಲ ವೈನಿ. ಒಬ್ಬಾಕೀನ ಇದ್ದ ಅಂಗಡಿ ನಡಸ್ತೇನಿ." ಅವಳು ಅಳುತ್ತಿರಲಿಲ್ಲ. ಅದಕ್ಕೇ ಅದು ನಿಜವೆಂದು ನನಗೆ ಗೊತ್ತಾಯಿತು.

ಮರುದಿನ ನಾನು ಕೀಲಿಕೈ ತೆಗೆದುಕೊಂಡು ತೆವಾನ್‌ನ ಮನೆಗೆ ಹೋದೆ. ವಾಪಸ್ಸು ಕೊಡಲು ಹೋದೆನೋ, ಸುಮ್ಮನೆ ನೋಡಲು ಹೋದೆನೋ, ಈಗಲೂ ಹೇಳಲಾರೆ. ಅವನು ಚಹಾ ಮಾಡಿಕೊಟ್ಟ. ಒರ್ಲಾ ಸಿಕ್ಕಿದ್ದಳು ಎಂದೆ. ಅವನು ಲೋಟ ಕೆಳಗಿಟ್ಟು, ಕೈಗವಸು ಬಿಚ್ಚಿ ಕೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಹಸ್ತದ ಹಿಂಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಸ್ಪಷ್ಟವಾಗಿ ಮೂಡಿತ್ತು. ಚೂಪಾದ ತುದಿ ಮಧ್ಯದ ಬೆರಳಿನ ಬುಡದ ಕಡೆ. "ಹನ್ನೆರಡು ವರ್ಷ ನನಗೆ. ಯಾರದೋ ಅಂಗಿಯ ಕಾಲರು ಸುಟ್ಟಿದ್ದೆ. ಇಷ್ಟೇ ಅಲ್ಲ, ಕಾಣೋದು ಇದೊಂದೇ" ಎಂದ. ನೀವು ಈ ಮನೆ ಬಿಟ್ಟು ಬೇರೆ ಕಡೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವನ ಮುಖ ಮೊದಲ ಸಲ ಕೆಂಪಾಯಿತು. "ಹುಟ್ಟಿದ ಮನೆ ಇದು. ಅಮ್ಮ ಇದ್ದಾಗಲೂ ನಾನೇ ಮೂಲೆ ಸೇರ್ತಿದ್ದೆ. ಸತ್ತ ಮೇಲೂ ನಾನೇ ಹೋಗಬೇಕಾ?"

ಬೆಳಿಗ್ಗೆ ಎದ್ದ ಕೂಡಲೇ ಆ ಗಂಜಿಯ ವಾಸನೆ ಗೋಡೆಯ ಸಂದಿನಿಂದ ಬರುತ್ತದೆ ಎಂದ. ಮೂರು ಸಲ ಬೆಳ್ಳುಳ್ಳಿ, ಸೀಮೆಎಣ್ಣೆ ಎಲ್ಲ ತೆಗೆದುಕೊಂಡು ಅಂಗಡಿಯ ಬಾಗಿಲ ತನಕ ಹೋಗಿದ್ದನಂತೆ. ಹೊಸ್ತಿಲು ದಾಟಲಾಗಲಿಲ್ಲ. ಊರಿನವರು ಯಾರೂ ಸತ್ತವರ ವಾಸನೆ ಅಳಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ, ಹೊರಗಿನವರೇ ಬೇಕಿತ್ತು. "ನಿಮ್ಮನ್ನ ಮೋಸ ಮಾಡಿ ಕರೆದ ಹಾಗಾಯ್ತು. ಬೇಡ ಅಂದ್ರೆ ಬೇಡ" ಎಂದು ಕೈಗವಸು ಹಾಕಿಕೊಂಡ. ಕೀಲಿಕೈ ನನ್ನ ಬಳಿಯೇ ಉಳಿಯಿತು.

ಅಲ್ಲಿಂದ ಎದ್ದು ಸೀದಾ ಸೇತುವೆ ದಾಟಿದೆ. ನಡೆಯುವುದು ನನಗೆ ಬರುವ ಒಂದೇ ಕೆಲಸ ಎಂಬ ಹಾಗೆ ನಡೆದೆ. ಒರ್ಲಾ ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದಳು. ನಿಮ್ಮಣ್ಣನ ಕೈ ನೋಡಿದೆ ಎಂದೆ. ಅವಳಿಗೆ ಗೊತ್ತಿಲ್ಲದ ಸಂಗತಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಹಿಡಿದಿದ್ದ ದುಪ್ಪಟಿಯನ್ನು ಹಗ್ಗದ ಮೇಲೆ ಹರಡಿ, ಅಂಚು ಸರಿ ಮಾಡಿ, "ಅದಕ್ಕೆ ಬೆಣ್ಣೆ ಹಚ್ಚಿದ್ದು ನಾನೇ. ಐದು ವರ್ಷ ನನಗೆ. ಡಬ್ಬಿಗೆ ಕೈ ಎಟುಕದೆ ಕುರ್ಚಿ ಹತ್ತಿದ್ದೆ" ಎಂದಳು. "ಹಾಗಾದರೆ ಅಲ್ಲಿ ಹೋಗಿ ಯಾಕೆ ಕೂರ್ತೀರಿ?" ಎಂದು ಕೇಳಿದೆ.

ಒರ್ಲಾ ಇನ್ನೊಂದು ಬಟ್ಟೆ ಎತ್ತಿ ಹಿಂಡಿದಳು. "ಬೇರೆಲ್ಲ ಕಡೆ ಅವಳು ಒಳ್ಳೆಯವಳಾಗಿಬಿಡ್ತಾಳೆ. ಜನ ಬಂದು ಎಷ್ಟು ಕಷ್ಟಪಟ್ಟು ಸಾಕಿದಳು ಅಂತಾರೆ. ನಾನೂ ಹೌದು ಅಂತೀನಿ. ನನಗೆ ಅವಳು ಒಂದೇಟೂ ಹೊಡೀಲಿಲ್ಲ ನೋಡಿ, ಜಡೆ ಹಾಕಿ, ಹಣೆಗೆ ಮುತ್ತು ಕೊಟ್ಟು ಶಾಲೆಗೆ ಕಳಿಸ್ತಿದ್ದಳು. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ನನಗೆ ಅವಳ ಮೇಲೆ ಸಿಟ್ಟು ಬರುತ್ತೆ. ಆ ಸುಟ್ಟ ನೂಲಿನ ವಾಸನೆ ಬಂದಾಗ. ವಾರಕ್ಕೆ ಒಂದು ಗಂಟೆ ನಾನು ಅವಳ ಜೊತೆ ಜಗಳ ಆಡಿ ಬರ್ತೀನಿ. ಇನ್ನೂ ಮುಗಿದಿಲ್ಲ." ಅಣ್ಣನಿಗೆ ಇದು ಗೊತ್ತೇ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ತಂಗಿ ತಾಯಿಯನ್ನು ಹಂಬಲಿಸಿ ಹೋಗಿ ಕೂರುತ್ತಾಳೆ ಎಂದು ಅವನು ತಿಳಿದಿದ್ದಾನೆ, ನಲವತ್ತು ವರ್ಷದಲ್ಲಿ ಆ ಕೈಯ ಮಾತು ಇಬ್ಬರೂ ಎತ್ತಿಲ್ಲ ಎಂದಳು.

ನಾನು ಅವಳಿಗೆ ಒಂದೇ ಮಾತು ಹೇಳಿದೆ. ಸೋಮವಾರ ನಮ್ಮ ಗಡುವಿನ ಕೊನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಪೇರೋ ಪರೀಕ್ಷೆಗೆ ಬರುತ್ತಾನೆ, ಅಂದು ಅಲ್ಲಿ ಮೊದಲ ಒಗ್ಗರಣೆ ಹಾಕಬೇಕು. ನೀವು ಬನ್ನಿ. ನಿಮ್ಮಣ್ಣನಿಗೆ ಇದನ್ನು ನೀವೇ ಹೇಳಿ. ಆಮೇಲೂ ಬೇಡ ಎಂದರೆ ನಾನು ಒಲೆ ಹಚ್ಚುವುದಿಲ್ಲ, ಯಾರು ಏನೇ ಅಂದರೂ ಸರಿ. ದಾಕ್ಷಿಗೆ ಆ ಮಾತು ಕೊಟ್ಟು ಬಂದದ್ದನ್ನು ಹೇಳಲಿಲ್ಲ. ಎರಡು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಒಲೆ ಬಂತು, ಬಾಣಲೆ ಬಂತು, ಇಸ್ತ್ರಿ ಮೇಜನ್ನು ಹಿತ್ತಿಲಿಗೆ ಸಾಗಿಸಿ ಗೋಡೆಗೆ ಸುಣ್ಣ ಹೊಡೆಸಿದೆವು. ಸುಣ್ಣದ ವಾಸನೆ ಮಧ್ಯಾಹ್ನದ ಹೊತ್ತಿಗೆ ಸೋತು ಮತ್ತೆ ಗಂಜಿಯೇ ಬಂದು ನಿಂತಿತು.

ಸೋಮವಾರ ಪೇರೋ ಪುಸ್ತಕ ಹಿಡಿದು ಸರಿಯಾದ ಹೊತ್ತಿಗೆ ಬಂದ. ತೆವಾನ್ ರಸ್ತೆಯ ಆಚೆ ಬಸ್ಸಿಗೆ ಕಾಯುವವರ ನಡುವೆ ನಿಂತಿದ್ದ. ಒರ್ಲಾ ಬಂದಿರಲಿಲ್ಲ. ದಾಕ್ಷಿ ಒಲೆ ಹಚ್ಚಿ ಬಾಣಲೆಗೆ ಎಣ್ಣೆ ಸುರಿದಳು. ಸಾಸಿವೆ, ಇಂಗು, ಕರಿಬೇವು, ಮುರಿದ ಬ್ಯಾಡಗಿ ಮೆಣಸಿನಕಾಯಿ, ಜಜ್ಜಿದ ಹಸಿಮೆಣಸಿನಕಾಯಿ ಎಲ್ಲ ತಟ್ಟೆಯಲ್ಲಿ ನನ್ನ ಮುಂದಿದ್ದವು. ಎಣ್ಣೆ ಕಾದಿತು. ನಾನು ಕೈ ಎತ್ತಲಿಲ್ಲ. "ವೈನಿ" ಎಂದಳು ದಾಕ್ಷಿ ಸಣ್ಣಗೆ. ನಾನು ಬೆಂಕಿ ಸಣ್ಣ ಮಾಡಿದೆ. ಪೇರೋ ಗಡಿಯಾರ ನೋಡಿಕೊಂಡ. "ಇವತ್ತು ಆಗದಿದ್ದರೆ ಮತ್ತೆ ದಿನ ಕೊಡೋಕಾಗೋದಿಲ್ಲ" ಎಂದ. ದಾಕ್ಷಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಇದು ಹೀಗೇ ಆಗುತ್ತದೆಂದು ಗೊತ್ತಿತ್ತು ಎಂಬ ದಣಿವಿತ್ತು. ಅದನ್ನು ನೋಡಲಾರದೆ ನಾನು ಬಾಗಿಲ ಕಡೆ ತಿರುಗಿದೆ.

ನೀಲಿ ಕೋಟು ಸೇತುವೆಯ ಕಡೆಯಿಂದ ಬರುತ್ತಿತ್ತು. ಒರ್ಲಾ ನಮ್ಮ ಕಡೆ ಬರದೆ ರಸ್ತೆ ದಾಟಿ ಅಣ್ಣನ ಎದುರು ನಿಂತಳು. ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಬಸ್ಸು ಬಂದು ಅವರನ್ನು ಮರೆ ಮಾಡಿತು. ಅದು ಹೋದ ಮೇಲೆ ನೋಡಿದರೆ ಅವಳು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಕೈಗವಸು ಅವಳ ಜೇಬಿನಿಂದ ಇಣುಕುತ್ತಿತ್ತು. ಅವನು ತಲೆ ಬಗ್ಗಿಸಿ ಮಗುವಿನ ಹಾಗೆ ನಿಂತಿದ್ದ. ಆಮೇಲೆ ಅವಳೊಬ್ಬಳೇ ಅಂಗಡಿಗೆ ಬಂದು, ಒಳಗೆ ಬಂದು, ಕಣ್ಣು ಮುಚ್ಚಿ ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು. "ಮುಗಿದಿಲ್ಲ" ಎಂದಳು ನನಗೆ. "ಆದರೂ ಮಾಡಿ."

ನಾನು ಬೆಂಕಿ ದೊಡ್ಡದು ಮಾಡಿದೆ. ಸಾಸಿವೆ ಹಾಕಿದೆ. ಅದು ಸಿಡಿದು ಮುಗಿಯುವ ಮುಂಚೆಯೇ ಇಂಗು, ಕರಿಬೇವು, ಎಲ್ಲದರ ಮೇಲೆ ಎರಡೂ ಬಗೆಯ ಮೆಣಸಿನಕಾಯಿ ಹಿಡಿ ಹಿಡಿ. ಘಾಟು ಮಾಡಿಗೆ ಏರಿ, ಗೋಡೆಗಳನ್ನು ಸುತ್ತಿ, ಬಾಗಿಲಿಗೆ ನುಗ್ಗಿತು. ಪೇರೋ ಕೆಮ್ಮುತ್ತಾ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡ. ದಾಕ್ಷಿ ಕೆಮ್ಮಿದಳು, ನಾನು ಕೆಮ್ಮಿದೆ, ಒರ್ಲಾ ಗೋಡೆ ಹಿಡಿದು ಬಾಗಿ ಕೆಮ್ಮುತ್ತಾ ಅಳುತ್ತಿದ್ದಳು. ಆ ಹೊಗೆಯೊಳಗೆ ಇನ್ನೊಬ್ಬರು ಕೆಮ್ಮುವುದು ಕೇಳಿಸಿತು. ತೆವಾನ್ ಹೊಸ್ತಿಲ ಒಳಗಡೆ ನಿಂತಿದ್ದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಇಸ್ತ್ರಿ ಮೇಜಿದ್ದ ಜಾಗಕ್ಕೆ ಹೋಗಿ ಖಾಲಿ ನೆಲವನ್ನು ನೋಡಿದ. ಮೂಗು ಎತ್ತಿ ಉಸಿರು ಎಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ. "ಇಲ್ಲ" ಎಂದ, ಯಾರಿಗೋ ಹೇಳುವ ಹಾಗೆ. ಪೇರೋ ಕಣ್ಣೊರೆಸಿಕೊಂಡು ಗೋಡೆಗೆ ಮೂಗು ತಾಗಿಸಿ ನೋಡಿ, ಪುಸ್ತಕದಲ್ಲಿ ಹಿಂದಿನದನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ.

ಅಂಗಡಿ ಶುರುವಾಯಿತು. ಮೊದಲ ವಾರ ಜನ ತಣ್ಣನೆಯದನ್ನೇ ಒಯ್ದರು. ನಾನು ಹೇಳಿದ್ದೇ ಸರಿ ಎಂದು ದಾಕ್ಷಿಯ ಕಡೆ ನೋಡಿದೆ. ಎರಡನೆಯ ವಾರ ಕಾರ್ಖಾನೆಯ ಒಬ್ಬಳು ಬಂದು, ತನ್ನ ಕೋಣೆಯಲ್ಲಿ ಹಿಂದಿನ ಬಾಡಿಗೆದಾರನ ಸಿಗರೇಟು ಕೂತಿದೆ, ಅದನ್ನು ಓಡಿಸುವ ತಿಂಡಿ ಯಾವುದು ಎಂದು ಕೇಳಿದಳು. ದಾಕ್ಷಿ ನಾಲ್ಕು ಮಿರ್ಚಿ ಕಟ್ಟಿ, ಮಂಚದ ಮೇಲೆ ಇಟ್ಟು ಬಿಚ್ಚಲು ಹೇಳಿದಳು. ಮರುದಿನ ಅವಳು ಮೂವರನ್ನು ಕರೆತಂದಳು. ಆಮೇಲೆ ಒಬ್ಬ ಗಂಡಸು ತಗ್ಗಿದ ದನಿಯಲ್ಲಿ, ಅತ್ತೆಯ ನೋವಿನೆಣ್ಣೆಯ ವಾಸನೆ ಓಡಿಸಲು ಎಣ್ಣೆಗಾಯಿ ಸಾಕೇ, ಮಿರ್ಚಿಯೇ ಬೇಕೇ ಎಂದು ಕೇಳಿದ. ಸತ್ತವರದೋ ಇದ್ದವರದೋ ನಾವು ವಿಚಾರಿಸುತ್ತಿರಲಿಲ್ಲ. ಕೆಲವರು ಕೊನೆಗೆ ರುಚಿಗಾಗಿಯೂ ಬಂದರು. ಸಂಜೆ ಐದಕ್ಕೆ ಸಾಲು ಬಸ್ಸಿನ ತಾಣದವರೆಗೆ ಬೆಳೆಯತೊಡಗಿತು.

ತೆವಾನ್ ದಿನಾ ಬೆಳಿಗ್ಗೆ ಬಂದು ಒಗ್ಗರಣೆ ಹಾಕುವಾಗ ಒಳಗೆ ನಿಂತು ಹೋಗುತ್ತಿದ್ದ. ಆದರೆ ಅವನು ಸುಖವಾಗಿದ್ದ ಹಾಗೆ ಕಾಣಲಿಲ್ಲ. ಎಲ್ಲಿಯೂ ನಿಲ್ಲಲಾರದವನಂತೆ ಬೀದಿಯಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದ. ಎರಡನೆಯ ತಿಂಗಳಲ್ಲಿ ಒಂದು ದಿನ ಸೂಟ್‌ಕೇಸು ಹಿಡಿದು ಬಂದ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ, ಸಮುದ್ರದ ಕಡೆ ಹೋಗುತ್ತೇನೆ, ಎಲ್ಲಿ ಎಂದು ಗೊತ್ತಿಲ್ಲ ಎಂದ. ಮನೆಯನ್ನು ತಂಗಿಗೆ ಬಿಟ್ಟಿದ್ದ. "ಸತ್ತ ಮೇಲೂ ನಾನೇ ಹೋಗಬೇಕಾ ಅಂದಿದ್ದಿರಿ" ಎಂದೆ. "ಆಗ ಅವಳು ಓಡಿಸಿದ ಹಾಗಾಗ್ತಿತ್ತು. ಈಗ ನಾನೇ ಹೋಗ್ತಿದೀನಿ" ಎಂದು ನಕ್ಕ. ಅವನು ನಕ್ಕದ್ದನ್ನು ಅದೇ ಮೊದಲು ನೋಡಿದ್ದು. ಬರಿಗೈ ಚಾಚಿ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ತೆಗೆದುಕೊಂಡು ಬಸ್ಸು ಹತ್ತಿದ. ಆ ಬಸ್ಸು ಹೊರಟಾಗ ನನ್ನ ಕಾಲು ತಾನಾಗಿಯೇ ಎರಡು ಹೆಜ್ಜೆ ಮುಂದೆ ಹೋಯಿತು. ಸುಳ್ಳು ಹೇಳಲಾರೆ. ಅದರ ಹಿಂದಿನ ಗಾಜು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತೆ.

ಒರ್ಲಾ ಅವನನ್ನು ಕಳಿಸಲು ಬಂದಿದ್ದಳು. ಬಸ್ಸು ಹೋದ ಮೇಲೆ ಅಂಗಡಿಯ ಮುಂದೆ ನಿಂತಳು, ಒಳಗೆ ಬರಲಿಲ್ಲ. ಆ ಸೋಮವಾರದ ನಂತರ ಅವಳು ಒಂದು ಗುರುವಾರವೂ ಬಂದಿರಲಿಲ್ಲ. ಅವಳ ಮುಖ ಬಿಗಿದಿತ್ತು. "ಅವನಿಗೆ ಮುಗೀತು" ಎಂದಳು. "ನನಗೆ ಅವಳ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಈಗ ಜಾಗ ಇಲ್ಲ. ನೆನಪು ಮಾಡ್ಕೊಂಡರೆ ಬರೀ ಜಡೆ ಹಾಕ್ತಾಳೆ, ಮುತ್ತು ಕೊಡ್ತಾಳೆ. ನೀವು ಬಂದಿರಲಿಲ್ಲ ಅಂದಿದ್ರೆ..." ಕೋಟಿನ ಗುಂಡಿ ಹಾಕಿಕೊಂಡಳು. "ನಿಮ್ಮ ಮೇಲೆ ಸಿಟ್ಟಾಗಲಾ?"

ಒಳಗಿನಿಂದ ದಾಕ್ಷಿ, ಎಣ್ಣೆ ಕಾದಿದೆ ಬಾ ಎಂದು ಕೂಗುತ್ತಿದ್ದಳು. ಸಾಲಿನಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು.

"ಆಗಿ" ಎಂದೆ. "ಯಾವ ದಿನ ಬೇಕಾದರೂ ಬಂದು ಬೈದು ಹೋಗಿ. ನಾನು ಇಲ್ಲೇ ಇರ್ತೀನಿ."